ಬಾರು ಉಳಿಯಿತು, ಗೋಪುರ ಹತ್ತು ಅಂತಸ್ತು ಬೆಳೆಯಿತು

ಆಸ್ಟ್ರೇಲಿಯದ ಅಡಿಲೇಡ್ ನಗರದ ಗ್ರೆನ್‌ಫೆಲ್ ಸ್ಟ್ರೀಟಿನ ಒಂದು ಮೂಲೆಯಲ್ಲಿ ‘ಕ್ರೌನ್ ಅಂಡ್ ಆ್ಯಂಕರ್’ ಎಂಬ ಹಳೆಯ ಪಬ್ ಇದೆ. ಊರಿನವರ ಬಾಯಲ್ಲಿ ಅದು ಬರೀ ‘ಕ್ರ್ಯಾಂಕರ್’. 1853ರಲ್ಲಿ ಲೈಸೆನ್ಸ್ ಪಡೆದ ಜಾಗ. ಈಗ ನಿಂತಿರುವ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ಕಾಲಿಗೆ ಅಂಟುವ ನೆಲ, ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡ ಗೋಡೆ, ರಾತ್ರಿಯಾದರೆ ಯಾವುದಾದರೊಂದು ಬ್ಯಾಂಡಿನ ಗದ್ದಲ. ಇಂಥ ಜಾಗವನ್ನು ಇಂಗ್ಲಿಷಿನವರು ಡೈವ್ ಬಾರ್ ಅನ್ನುತ್ತಾರೆ. ಅರ್ಧ ತಿರಸ್ಕಾರ, ಅರ್ಧ ಪ್ರೀತಿ. 2024ರಲ್ಲಿ ಸಿಂಗಪುರದ ವೀ ಹರ್ ಎಂಬ ಕಂಪನಿ ಅಲ್ಲಿ 19 ಅಂತಸ್ತಿನ ವಿದ್ಯಾರ್ಥಿ ವಸತಿಗೃಹ ಕಟ್ಟಲು ಅರ್ಜಿ ಹಾಕಿತು. ಪಾರಂಪರಿಕ ಕಟ್ಟಡವಾದ್ದರಿಂದ ಹೊರಗೋಡೆ ಉಳಿಸುತ್ತೇವೆ, ಒಳಗಿನ ಪಬ್ ಮಾತ್ರ ಇರುವುದಿಲ್ಲ ಎಂಬುದು ಯೋಜನೆಯ ಸಾರ. ಸಾವಿರಾರು ಜನ ಬೀದಿಗಿಳಿದರು. ಆಗಸ್ಟ್ ಹೊತ್ತಿಗೆ ರಾಜ್ಯದ ಪ್ರೀಮಿಯರ್ ಪೀಟರ್ ಮಲಿನೌಸ್ಕಸ್ ಒಂದು ಒಪ್ಪಂದ ಪ್ರಕಟಿಸಿದರು: ಪಬ್ ಪಬ್ಬಾಗಿಯೇ ಉಳಿಯುತ್ತದೆ, ಕಂಪನಿ ಪಕ್ಕದ ಜಾಗದಲ್ಲಿ 19ರ ಬದಲು 29 ಅಂತಸ್ತು ಏರಿಸಿಕೊಳ್ಳಬಹುದು. ಅದಕ್ಕೆಂದೇ ಶಾಸನಸಭೆ ಕಾನೂನು ಮಾಡಿತು.

ಒಂದು ಹೆಂಡದಂಗಡಿಗಾಗಿ ಶಾಸನಸಭೆ ಕೂರುವುದೇ? ಕನ್ನಡದ ಓದುಗನ ಮೊದಲ ಪ್ರಶ್ನೆ ಇದೇ ಆಗಿರುತ್ತದೆ, ಅದು ತಪ್ಪೂ ಅಲ್ಲ. ನಮ್ಮ ಊರುಗಳಲ್ಲಿ ಶಾಸನಸಭೆಯವರೆಗೆ ಹೋದ ಹೆಂಡದಂಗಡಿಯ ಗಲಾಟೆಗಳೆಲ್ಲ ಅದನ್ನು ಮುಚ್ಚಿಸಲು ನಡೆದವು. ಗಂಡನ ಕೂಲಿ ಮನೆ ತಲುಪದ ಸಿಟ್ಟಿನಲ್ಲಿ ಹೆಂಗಸರು ಊರೂರಲ್ಲಿ ಬೀದಿಗೆ ಬಂದರು. ಕೊನೆಗೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋದ ಮೇಲೆ ಅಗ್ಗದ ವಿಸ್ಕಿ ಬಂತು, ಖಜಾನೆಗೆ ನಷ್ಟವೇನೂ ಆಗಲಿಲ್ಲ ಎನ್ನುವುದು ಬೇರೆ ಮಾತು. ಅಂಥ ನೆನಪಿರುವ ಸಮಾಜದಿಂದ ಹೋದವರಿಗೆ ‘ನಮ್ಮ ಬಾರ್ ಉಳಿಸಿ’ ಎಂಬ ಫಲಕ ಹಿಡಿದ ಮೆರವಣಿಗೆ ವಿಚಿತ್ರವಾಗಿ ಕಾಣುವುದು ಸಹಜ.

ಇನ್ನೂ ಒಂದು ತೊಡಕಿದೆ, ಅದು ನೇರವಾಗಿ ನಮ್ಮದು. ಆ ಗೋಪುರದ ಹಾಸಿಗೆಗಳು ಯಾರಿಗಾಗಿ? ಬಹುಪಾಲು ಹೊರದೇಶದ ವಿದ್ಯಾರ್ಥಿಗಳಿಗಾಗಿ. ಆಸ್ಟ್ರೇಲಿಯದಲ್ಲಿ ಓದುವ ವಿದೇಶಿ ಮಕ್ಕಳಲ್ಲಿ ಚೀನಾದ ನಂತರದ ದೊಡ್ಡ ಗುಂಪು ಭಾರತದವರದು. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಸಾಲ ಮಾಡಿ ಹೋದ ಹುಡುಗಿಗೆ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ ಸಿಗುವುದು ಸಣ್ಣ ವಿಷಯವಲ್ಲ. ಅಲ್ಲಿನ ಬಾಡಿಗೆ ಮನೆಗಳ ಅಭಾವ ಎಂಥದೆಂದು ಅಲ್ಲಿ ಮಕ್ಕಳನ್ನು ಬಿಟ್ಟು ಬಂದ ಯಾವ ತಂದೆ-ತಾಯಿಯನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಪಾಪದ ಪಬ್ ಒಂದು ಕಡೆ, ದುಷ್ಟ ಬಿಲ್ಡರ್ ಇನ್ನೊಂದು ಕಡೆ ಎಂದು ನಾಟಕ ಕಟ್ಟಿದರೆ ನಾವು ಯಾವ ಪಾತ್ರ ಎಂಬುದೇ ತಿಳಿಯುವುದಿಲ್ಲ. ಎರಡೂ ಕಡೆ ನಿಜವಾದ ಅಗತ್ಯ ಇದೆ. ಹಾಗಿರುವಾಗ ಪಬ್ಬಿನ ಕಡೆಯ ಅಗತ್ಯ ಯಾವುದು, ಅದು ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ತಣ್ಣಗೆ ಕೂತು ನೋಡಬೇಕು.

ಹಳೆಯ ಪಬ್ಬುಗಳ ಪ್ರೇಮಿಗಳು ಹೇಳುವುದು ಹೀಗೆ: ಹಳೆಯ ಬಾರಿಗೆ ಒಂದು ಆತ್ಮ ಇರುತ್ತದೆ, ವರ್ಷಗಳು ಅದನ್ನು ಕೊಡುತ್ತವೆ, ಕೆಡವಿದರೆ ಹೋಯಿತು. ಇದರಲ್ಲಿ ನನಗೆ ನಂಬಿಕೆ ಇಲ್ಲ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರುಗಳ ಪಬ್ಬುಗಳ ಕಥೆ ಓದಿದರೆ ಕಾಣುವುದು ಇಷ್ಟು: ಪಬ್ಬಿನ ‘ಗುಣ’ ಎಂದು ನಾವು ಮೆಚ್ಚುವುದರಲ್ಲಿ ಬಹುಪಾಲು ಲೈಸೆನ್ಸ್ ಕಾನೂನಿನ ಕೆಲಸ, ಉಳಿದದ್ದು ಕಡಿಮೆ ಬಾಡಿಗೆಯ ಕೆಲಸ. ವಯಸ್ಸಿನ ಪಾಲು ತೀರ ಕಡಿಮೆ. ಹಾಗೆ ಒಪ್ಪಿಕೊಂಡರೆ ಅಂಥ ಜಾಗವನ್ನು ಉಳಿಸುವ ಬಗೆಯೂ ಬದಲಾಗುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ಅಲ್ಲಿನ ಬೀದಿಯಲ್ಲಿ ‘ಹೋಟೆಲ್’ ಫಲಕ ನೋಡಿ ಒಳಗೆ ಹೋಗಿ ತಿಂಡಿ ಏನಿದೆ ಎಂದು ಕೇಳಿದ ನಮ್ಮವರು ಹಲವರಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕಾನೂನು, ಮದ್ಯ ಮಾರುವವನು ಪ್ರಯಾಣಿಕರಿಗೆ ಮಲಗಲು ಕೋಣೆಯನ್ನೂ ಇಟ್ಟಿರಬೇಕು ಎಂದು ವಿಧಿಸುತ್ತಿತ್ತು. ಆದ್ದರಿಂದ ಕೆಳಗೆ ಬಾರು, ಮೇಲೆ ಕೋಣೆಗಳು, ಸುತ್ತ ವರಾಂಡ, ರಸ್ತೆ ಕೂಡುವ ಮೂಲೆಯಲ್ಲಿ ಜಾಗ. ಇಂದು ಪ್ರವಾಸಿಗರು ಫೋಟೊ ತೆಗೆಯುವ ಆ ಕಬ್ಬಿಣದ ಕುಸುರಿಯ ವರಾಂಡಗಳ ಹಿಂದೆ ಲೈಸೆನ್ಸ್ ಷರತ್ತು ಪಾಲಿಸಿದ ವ್ಯಾಪಾರಿಯ ಲೆಕ್ಕಾಚಾರ ಇದೆ. ಪ್ರಯಾಣಿಕರು ಬರುವುದು ನಿಂತ ಮೇಲೂ ಕೋಣೆಗಳು ಉಳಿದವು. ಒಂಟಿ ಮುದುಕರು, ಕೆಲಸ ಹುಡುಕುವವರು, ಊರೂರು ತಿರುಗುವ ವಾದ್ಯಗಾರರು ಅಗ್ಗಕ್ಕೆ ತಂಗುವ ಜಾಗ ಅದಾಯಿತು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

ಒಳಗಿನ ರೂಪವೂ ಕಾನೂನಿನದೇ. ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯ 1915ರಲ್ಲಿ ಜನಮತ ತೆಗೆದುಕೊಂಡು ಬಾರುಗಳು ಸಂಜೆ ಆರಕ್ಕೆ ಮುಚ್ಚಬೇಕು ಎಂದು ನಿರ್ಧರಿಸಿತು. ಮರುವರ್ಷ ಅದು ಜಾರಿಗೆ ಬಂತು. ಈ ದಾರಿ ಹಿಡಿದ ಮೊದಲ ರಾಜ್ಯ ಅದು. ಯುದ್ಧಕಾಲದ ಸಂಯಮ ಎಂಬುದು ಹೇಳಿದ ಕಾರಣ; ಹಿಂದೆ ನಿಂತು ದುಡಿದವರು ಮದ್ಯವಿರೋಧಿ ಸಂಘಟನೆಗಳು, ಅದರಲ್ಲೂ ಕ್ರೈಸ್ತ ಮಹಿಳೆಯರ ಸಂಯಮ ಸಂಘ. ಐದಕ್ಕೆ ಕಾರ್ಖಾನೆ ಬಿಟ್ಟ ಗಂಡಸಿಗೆ ಸಿಗುತ್ತಿದ್ದದ್ದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನಿಂತುಕೊಂಡೇ ಸಾಧ್ಯವಾದಷ್ಟು ಬಿಯರ್ ಒಳಗಿಳಿಸುವುದು ಪದ್ಧತಿಯಾಯಿತು. ಮಾಲೀಕರು ಕುರ್ಚಿ ತೆಗೆದರು, ಬಿಲಿಯರ್ಡ್ ಮೇಜು ತೆಗೆದರು, ಹೆಚ್ಚು ಜನ ನಿಲ್ಲಲೆಂದು ಕೌಂಟರ್ ಉದ್ದ ಮಾಡಿದರು. ಗೋಡೆಗೆ ಎದೆಯೆತ್ತರದವರೆಗೆ ಟೈಲ್ಸ್ ಹಾಕಿಸಿದರು. ಆರೂ ಕಾಲಿನ ನಂತರ ಚೆಲ್ಲಿದ್ದನ್ನೂ ಕಕ್ಕಿದ್ದನ್ನೂ ಪೈಪ್ ಹಿಡಿದು ತೊಳೆದರೆ ಮುಗಿಯಿತು. ಇಂದಿನ ಹಳೆಯ ಪಬ್ಬುಗಳಲ್ಲಿ ‘ಆಹಾ, ಹಳೆಯ ಟೈಲ್ಸ್’ ಎಂದು ಬೆರಳಾಡಿಸುವವರು ಅದು ವಾಂತಿ ತೊಳೆಯುವ ಅನುಕೂಲಕ್ಕೆ ಬಂದದ್ದೆಂದು ತಿಳಿದಿದ್ದರೆ ಒಳ್ಳೆಯದು. ಕುಡಿತ ಕಡಿಮೆ ಮಾಡಲು ಬಂದ ಕಾನೂನು ಕುಡಿಯುವ ವೇಗ ಹೆಚ್ಚಿಸಿತು. ಡಾನ್ ಡನ್‌ಸ್ಟನ್ ಸರ್ಕಾರ ಅದನ್ನು ತೆಗೆದುಹಾಕಿದ್ದು 1967ರಲ್ಲಿ. ಮೊದಲು ಹಿಡಿದ ರಾಜ್ಯವೇ ಕೊನೆಗೆ ಬಿಟ್ಟದ್ದು. ಅದೇ ವರ್ಷ ನಮ್ಮ ಮೈಸೂರು ರಾಜ್ಯವೂ ಪಾನನಿರೋಧ ಕೈಬಿಟ್ಟಿತು.

ಬ್ರಿಸ್ಬೇನ್, ಪರ್ತ್‌ಗಳಿಗೆ ಈ ಆರು ಗಂಟೆಯ ಶಿಕ್ಷೆ ಇರಲಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ 1923ರಿಂದ ಎಂಟು ಗಂಟೆ, ಪಶ್ಚಿಮ ಆಸ್ಟ್ರೇಲಿಯದಲ್ಲಿ ಒಂಬತ್ತು. ಆಸ್ಟ್ರೇಲಿಯದ ಪಬ್ ಚರಿತ್ರೆ ಎಂದರೆ ಸಿಡ್ನಿ, ಮೆಲ್ಬರ್ನ್‌ಗಳ ಕಥೆಯೆಂದೇ ಬರೆಯುವವರು ಇದನ್ನು ಮರೆಯುತ್ತಾರೆ. ಒಂದೇ ದೇಶ, ಒಂದೇ ಬಿಯರ್, ಆದರೆ ಮುಚ್ಚುವ ಹೊತ್ತು ಬೇರೆಯಾದರೆ ಬಾರಿನ ಸ್ವಭಾವವೇ ಬೇರೆ. (ಅಳತೆಯೂ ಬೇರೆ. ಅಡಿಲೇಡಿನಲ್ಲಿ ಪೈಂಟ್ ಕೇಳಿದವನಿಗೆ 425 ಮಿಲಿಲೀಟರ್ ಕೊಟ್ಟು ಕಳಿಸುತ್ತಾರೆ. ಬ್ರಿಸ್ಬೇನಿನಿಂದ ಹೊಸದಾಗಿ ಬಂದವರು ಮೋಸವಾಯಿತೆಂದು ಜಗಳಕ್ಕೆ ನಿಲ್ಲುವುದುಂಟು. 570 ಬೇಕಾದರೆ ‘ಇಂಪೀರಿಯಲ್’ ಎಂದು ಸೇರಿಸಿ ಕೇಳಬೇಕು.)

ಈಗ ಪ್ರೇಮಿಗಳಿಗೆ ಕಹಿಯಾಗುವ ಮಾತು. ಇಂಥ ಬಾರುಗಳನ್ನು ಹೊಗಳುವಾಗ ‘ಎಲ್ಲರೂ ಬಂದು ಕೂರುವ ಜಾಗ’ ಎನ್ನುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಮನೆಯೂ ಅಲ್ಲದ ಕಚೇರಿಯೂ ಅಲ್ಲದ ‘ಮೂರನೆಯ ಜಾಗ’ ಎಂದು ಇದನ್ನೇ ಸಿದ್ಧಾಂತ ಮಾಡಿದರು. ಆದರೆ ಆ ‘ಎಲ್ಲರೂ’ ಯಾರು? ಪರ್ತ್ ನಗರದ ನಡುಭಾಗ 1927ರಿಂದ 1954ರವರೆಗೆ ಆದಿವಾಸಿಗಳಿಗೆ ನಿಷೇಧಿತ ಪ್ರದೇಶವಾಗಿತ್ತು. ಅನುಮತಿ ಚೀಟಿ ಇಲ್ಲದೆ ಅವರು ತಮ್ಮದೇ ನೆಲದ ಆ ಬೀದಿಗಳಲ್ಲಿ ನಡೆಯುವಂತಿರಲಿಲ್ಲ. 1944ರ ಕಾನೂನಿನಂತೆ ಆದಿವಾಸಿಯೊಬ್ಬ ಪೌರತ್ವದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದಿತ್ತು. ಅದನ್ನು ಪಡೆಯಲು ತೀರ ಹತ್ತಿರದ ಬಂಧುಗಳ ಹೊರತಾಗಿ ತನ್ನ ಸಮುದಾಯದೊಂದಿಗಿನ ಒಡನಾಟ ಕಡಿದುಕೊಂಡಿರಬೇಕು. ಅದಿದ್ದರೆ ಬಾರಿನೊಳಗೆ ಹೋಗಬಹುದು. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ನಾಯಿ ಲೈಸೆನ್ಸ್’. ಬಾಗಿಲ ಬಳಿ ತೋರಿಸಬೇಕಾದ ಕಾಗದ ಎಂದರೆ ಏನೆಂದು ಜಾತಿಯ ದೇಶದಿಂದ ಹೋದ ನಮಗೆ ವಿವರಿಸಿ ಹೇಳಬೇಕಿಲ್ಲ. ಪ್ರತ್ಯೇಕ ಲೋಟ ಇಟ್ಟ ಚಹದಂಗಡಿಗಳು ನಮ್ಮಲ್ಲೂ ಊರ ಜನ ಸೇರುವ ಜಾಗಗಳೇ ಆಗಿದ್ದವು.

ಹೆಂಗಸರ ಕಥೆ ಇನ್ನೂ ಸಂಕೀರ್ಣ. ದಕ್ಷಿಣ ಆಸ್ಟ್ರೇಲಿಯ 1894ರಲ್ಲೇ ಹೆಂಗಸರಿಗೆ ಮತದ ಹಕ್ಕು ಕೊಟ್ಟ ರಾಜ್ಯ, ಶಾಸನಸಭೆಗೆ ನಿಲ್ಲುವ ಹಕ್ಕನ್ನೂ. ಅದೇ ರಾಜ್ಯ 1908ರಲ್ಲಿ ಬಾರಿನ ಕೌಂಟರಿನ ಹಿಂದೆ ಹೊಸದಾಗಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಗಲೇ ಕೆಲಸದಲ್ಲಿದ್ದವರು ಹೆಸರು ನೋಂದಾಯಿಸಿ ಮುಂದುವರಿಯಬಹುದು, ಅಷ್ಟೇ. ಎರಡರ ಹಿಂದೆಯೂ ಅದೇ ಸಂಯಮ ಸಂಘದ ಮಹಿಳೆಯರ ದುಡಿಮೆ ಇತ್ತು. ಮತದ ಹಕ್ಕಿಗೆ ಮನೆಮನೆ ಸಹಿ ಕೂಡಿಸಿದವರೇ ಬಾರಿನಿಂದ ಹೆಂಗಸರನ್ನು ಹೊರಗಿಡಲು ಒತ್ತಾಯಿಸಿದರು. ಇದನ್ನು ವಿರೋಧಾಭಾಸ ಎಂದು ನಗುವುದು ಸುಲಭ. ಅವರ ಕಣ್ಣಿಗೆ ಕಂಡ ಬಾರು ಸಂಬಳ ನುಂಗುವ ಯಂತ್ರ. ನಮ್ಮ ಸಾರಾಯಿ ವಿರೋಧಿ ಹೆಂಗಸರಿಗೆ ಕಂಡದ್ದೂ ಅದೇ.

ಬ್ರಿಸ್ಬೇನಿನಲ್ಲಿ ತಿರುವು ಬಂದದ್ದು ಬೇರೆ ಕಡೆಯಿಂದ. ಟೂವಾಂಗ್ ಬಡಾವಣೆಯಲ್ಲಿ ನದಿಗೆ ಮುಖ ಮಾಡಿದ ರೆಗಾಟಾ ಹೋಟೆಲಿನ ಸಾರ್ವಜನಿಕ ಬಾರಿಗೆ 1965ರ ಮಾರ್ಚ್ 31ರಂದು ಮರ್ಲ್ ಥಾರ್ನ್‌ಟನ್, ರೋಸಲಿ ಬೋಗ್ನರ್ ಎಂಬ ಇಬ್ಬರು ಹೋಗಿ ಬಿಯರ್ ಕೇಳಿದರು. ಹೆಂಗಸರಿಗೆ ಕೊಡುವಂತಿಲ್ಲ ಎಂದಾಗ ಬಾರಿನ ಕಾಲ್ಸರಳಿಗೆ ತಮ್ಮ ಕಾಲನ್ನು ಸರಪಳಿಯಿಂದ ಬಿಗಿದುಕೊಂಡು ಬೀಗ ಹಾಕಿದರು. ಪೊಲೀಸರು ಬಂದರು, ಪತ್ರಿಕೆಯವರು ಬಂದರು, ಬಾರಿನೊಳಗಿದ್ದ ಕೆಲವು ಗಂಡಸರೇ ಅವರಿಗೆ ಬಿಯರ್ ಕೊಂಡು ಕೊಟ್ಟರು. ಕಾನೂನು ಬದಲಾಗಲು 1970 ಬರಬೇಕಾಯಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹುಡುಗಿಯರನ್ನು ಹೊಡೆದು ಅಟ್ಟಿದ ದೃಶ್ಯ ಟೀವಿಯಲ್ಲಿ ನೋಡಿದವರಿಗೆ ರೆಗಾಟಾದ ಇಬ್ಬರು ಕೇಳಿದ್ದು ಬರೀ ಒಂದು ಗ್ಲಾಸ್ ಬಿಯರ್ ಆಗಿರಲಿಲ್ಲವೆಂದು ಅರ್ಥವಾಗುತ್ತದೆ. ಇಬ್ಬರೂ ಕುಡುಕಿಯರಲ್ಲ. ಥಾರ್ನ್‌ಟನ್ ಮುಂದೆ ಹೋರಾಡಿದ್ದು ಮದುವೆಯಾದ ಹೆಂಗಸರಿಗೆ ಸರ್ಕಾರಿ ನೌಕರಿ ತಪ್ಪಿಸುತ್ತಿದ್ದ ನಿಯಮದ ವಿರುದ್ಧ. 1966ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು.

ಈ ಎಲ್ಲ ಹೊರಗಿಡುವಿಕೆಗಳು ಒಂದೊಂದಾಗಿ ಕಳಚಿದ ಮೇಲೆ, ಅಂದರೆ 1970ರ ದಶಕದಿಂದ ಈಚೆಗೆ, ಇಂದು ನಾವು ಮೆಚ್ಚುವ ಡೈವ್ ಬಾರ್ ಹುಟ್ಟಿತು. ಗೋಡೆಗೆ ನೂರೈವತ್ತು ವರ್ಷವಿರಬಹುದು, ಸ್ವಭಾವಕ್ಕೆ ಐವತ್ತು ಅಷ್ಟೇ. ಕಾರ್ಖಾನೆಗಳು ಊರ ನಡುವಿನಿಂದ ಹೊರಬಿದ್ದವು, ಅವುಗಳ ಕೆಲಸಗಾರರೂ ಹೋದರು, ಕುಟುಂಬಗಳು ದೂರದ ಬಡಾವಣೆಗಳಿಗೆ ಸರಿದವು. ಖಾಲಿಯಾದ ಮೂಲೆ ಪಬ್ಬುಗಳಿಗೆ ಬಾಡಿಗೆ ಬಿತ್ತು. ಬಿದ್ದ ಬಾಡಿಗೆಯ ಜಾಗಕ್ಕೆ ವಿದ್ಯಾರ್ಥಿಗಳು, ನಿರುದ್ಯೋಗಿಗಳು, ಗಿಟಾರ್ ಕಲಿಯುತ್ತಿರುವವರು, ಗಂಡನ್ನು ಪ್ರೀತಿಸುವ ಗಂಡಸರು, ಮನೆಗೆ ಹೋಗಲು ಮನಸ್ಸಿಲ್ಲದ ಮಧ್ಯವಯಸ್ಕರು ಬಂದರು. ಯಾರೂ ಯಾರನ್ನೂ ನೀನ್ಯಾಕೆ ಇಲ್ಲಿ ಎಂದು ಕೇಳದ ಜಾಗ. ಬಟ್ಟೆ ನೋಡುವುದಿಲ್ಲ, ಒಂದೇ ಗ್ಲಾಸಿನ ಮುಂದೆ ಎರಡು ಗಂಟೆ ಕೂತರೂ ಎಬ್ಬಿಸುವುದಿಲ್ಲ, ಇಪ್ಪತ್ತು ಜನರ ಮುಂದೆ ಕೆಟ್ಟದಾಗಿ ಹಾಡಲು ಬಿಡುತ್ತಾರೆ. ಕೆಟ್ಟದಾಗಿ ಹಾಡಲು ಜಾಗವಿಲ್ಲದ ಊರಲ್ಲಿ ಚೆನ್ನಾಗಿ ಹಾಡುವವರು ಹುಟ್ಟುವುದಿಲ್ಲ. ನಮ್ಮ ಅರಳಿಕಟ್ಟೆಯಲ್ಲಿ ಕೂತವನನ್ನು ಕೂತದ್ದೇಕೆ ಎಂದು ಕೇಳದ ಹಾಗೆಯೇ ಇದು, ಒಂದು ವ್ಯತ್ಯಾಸ ಬಿಟ್ಟು: ಕಟ್ಟೆಗೆ ಬಾಡಿಗೆ ಇಲ್ಲ.

ಎಲ್ಲವೂ ನಿಂತಿರುವುದು ಆ ಬಾಡಿಗೆಯ ಮೇಲೆಯೇ. ಪರ್ತ್ ಇದಕ್ಕೆ ಒಳ್ಳೆಯ ಪರೀಕ್ಷಾಕಣ, ಯಾಕೆಂದರೆ ಉಳಿದೆರಡು ಊರುಗಳ ಪಬ್ಬುಗಳನ್ನು ಕಾಡಿದ ಜೂಜಿನ ಯಂತ್ರ ಅಲ್ಲಿನ ಪಬ್ಬುಗಳಲ್ಲಿ ಇಲ್ಲ. ಕ್ವೀನ್ಸ್‌ಲ್ಯಾಂಡ್ 1992ರಲ್ಲಿ, ದಕ್ಷಿಣ ಆಸ್ಟ್ರೇಲಿಯ 1994ರಲ್ಲಿ ಪಬ್ಬುಗಳಿಗೆ ಪೋಕರ್ ಯಂತ್ರ ಬಿಟ್ಟುಕೊಂಡವು. ಅಲ್ಲಿನವರು ‘ಪೋಕೀಸ್’ ಎನ್ನುವ ಈ ಜೂಜಿನ ಪೆಟ್ಟಿಗೆಗಳು ಬಂದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಬ್ಯಾಂಡ್ ನುಡಿಸುತ್ತಿದ್ದ ಕೋಣೆ ಜೂಜಿನ ಕೋಣೆಯಾಯಿತು. ಡ್ರಮ್ಮಿನವನಿಗೆ ಸಂಭಾವನೆ ಕೊಡಬೇಕು, ಯಂತ್ರ ತಾನೇ ಕೊಡುತ್ತದೆ. ಅಡಿಲೇಡಿನಲ್ಲಿ ಇದರ ವಿರುದ್ಧದ ಸಿಟ್ಟು ಎಷ್ಟಿತ್ತೆಂದರೆ ‘ನೋ ಪೋಕೀಸ್’ ಎಂಬ ಒಂದೇ ಘೋಷಣೆಯಿಂದ ನಿಕ್ ಕ್ಸೆನೊಫೋನ್ 1997ರಲ್ಲಿ ಮೇಲ್ಮನೆಗೆ ಗೆದ್ದುಬಂದರು. ರಂಡಲ್ ಸ್ಟ್ರೀಟಿನ ಎಕ್ಸೆಟರ್ ಹೋಟೆಲ್, 1851ರಿಂದ ಇರುವ ಪಬ್, ಯಂತ್ರಗಳನ್ನು ಇಟ್ಟುಕೊಳ್ಳದೆಯೇ ಉಳಿದಿದೆ. ಅಲ್ಲಿ ವೈನ್ ತಯಾರಿಸುವವರೂ ಬರಹಗಾರರೂ ರಸ್ತೆಬದಿಯ ಬೆಂಚಿನಲ್ಲಿ ಕೂರುತ್ತಾರೆ, ವಾರದ ‘ಕರಿ ನೈಟ್’ಗೆ ಬಿಳಿಯರು ಸಾಲು ನಿಲ್ಲುತ್ತಾರೆ. ಆ ಕರಿಯ ಬಗ್ಗೆ ನಮ್ಮ ಅಡುಗೆಯವರು ಏನನ್ನುತ್ತಾರೋ ಅದು ಇಲ್ಲಿ ಬೇಡ.

ಪಶ್ಚಿಮ ಆಸ್ಟ್ರೇಲಿಯ ಮಾತ್ರ ಈ ಯಂತ್ರಗಳನ್ನು ಪಬ್ಬಿನ ಹೊಸಿಲು ದಾಟಲು ಬಿಡಲಿಲ್ಲ. ಇಡೀ ರಾಜ್ಯದಲ್ಲಿ ಅವು ಇರುವುದು ಪರ್ತ್‌ನ ಬರ್ಸ್‌ವುಡ್ ಕ್ಯಾಸಿನೊದಲ್ಲಿ. ಹಾಗಾದರೆ ಪರ್ತ್‌ನ ಹಳೆಯ ಬಾರುಗಳೆಲ್ಲ ಸುಖವಾಗಿರಬೇಕಿತ್ತು. ಇರಲಿಲ್ಲ. ಪರ್ತ್‌ನ ಹೈಡ್ ಪಾರ್ಕ್ ಹೋಟೆಲ್, ಊರವರ ‘ಹೈಡಿ’, ಎಷ್ಟೋ ಬ್ಯಾಂಡುಗಳು ಮೊದಲ ಬಾರಿ ವೇದಿಕೆ ಹತ್ತಿದ ಕೊಳಕು ಬಾರು. 2010ರ ಸುಮಾರಿಗೆ ಅದು ಕೈ ಬದಲಾಯಿಸಿತು. ಬಣ್ಣ ಬಳಿದರು, ಊಟದ ಮೇಜು ಹಾಕಿದರು. ಕಟ್ಟಡ ಈಗಲೂ ಇದೆ, ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ, ಹೆಸರೂ ಅದೇ. ಬ್ಯಾಂಡಿಲ್ಲ. ಅದಿರು ಗಣಿಗಳ ಹಣ ಊರಿಗೆ ಹರಿದ ವರ್ಷಗಳವು. ನೆಲದ ಬೆಲೆ ಏರಿದ ಕಡೆ ಖಾಲಿ ರಾತ್ರಿಗಳನ್ನು ಸಹಿಸುವ ಮಾಲೀಕ ಉಳಿಯುವುದು ಕಷ್ಟ. ಮೇಲಾಗಿ ಅಲ್ಲಿ ಲೈಸೆನ್ಸ್ ಸಿಗುವುದೇ ದುರ್ಲಭವಾಗಿತ್ತು. 2007ರಲ್ಲಿ 120 ಜನಕ್ಕೆ ಮೀರದ ‘ಸ್ಮಾಲ್ ಬಾರ್’ ಎಂಬ ಹೊಸ ಲೈಸೆನ್ಸ್ ಬರುವವರೆಗೆ ಸಣ್ಣ ಬಂಡವಾಳದವರಿಗೆ ಬಾರು ತೆರೆಯುವುದು ಕನಸಿನ ಮಾತು. ಇದ್ದದ್ದು ದೊಡ್ಡ ದೊಡ್ಡ ಬಿಯರ್ ಕೊಟ್ಟಿಗೆಗಳು. ಸಣ್ಣ ಬಾರಿನ ಕಾನೂನು ಬಂದ ಮೇಲೆ ನಾರ್ತ್‌ಬ್ರಿಜ್‌ನ ಗಲ್ಲಿಗಳಲ್ಲಿ ಜೀವ ಬಂತು, ಒಪ್ಪುತ್ತೇನೆ. ಆದರೆ ಬಹಳಷ್ಟು ಕಡೆ ಹದಿನೆಂಟು ಡಾಲರಿನ ಕಾಕ್‌ಟೇಲ್ ಮಾರಿಯೇ ಬಾಡಿಗೆ ಕಟ್ಟಬೇಕು. ಇಟ್ಟಿಗೆ ಕಾಣುವ ಹಾಗೆ ಸಿಮೆಂಟು ಕೆರೆಸಿ, ಹಳೆಯ ಬಲ್ಬ್ ನೇತುಹಾಕಿ ‘ಡೈವ್’ ಎಂದು ಹೆಸರಿಟ್ಟರೆ ಅದು ವೇಷ.

ಪರ್ತ್‌ಗೆ ವೇಷದ ಇನ್ನೂ ದೊಡ್ಡ ಉದಾಹರಣೆ ಇದೆ. ಸೇಂಟ್ ಜಾರ್ಜಸ್ ಟೆರೇಸಿನ ಪ್ಯಾಲೆಸ್ ಹೋಟೆಲ್ 1897ರಲ್ಲಿ ಚಿನ್ನದ ಗಣಿಗಳ ಹುಮ್ಮಸ್ಸಿನಲ್ಲಿ ತೆರೆದದ್ದು. ಅದೇನೂ ಬಡವರ ಬಾರಲ್ಲ. ನಾಗರಿಕರು ವರ್ಷಗಟ್ಟಲೆ ಹೋರಾಡಿ ಅದನ್ನು ನೆಲಸಮವಾಗದಂತೆ ತಡೆದರು. 1986ರಲ್ಲಿ ಹೋಟೆಲ್ ಮುಚ್ಚಿತು, ಹಿಂದೆ ಬ್ಯಾಂಕಿನ ಗಗನಚುಂಬಿ ಎದ್ದಿತು, ಮುಂದಿನ ಸುಂದರ ಮುಖ ಹಾಗೇ ಉಳಿಯಿತು. ಕ್ರ್ಯಾಂಕರ್‌ಗೆ ಮೊದಲು ಕೊಡಮಾಡಿದ್ದು ಇದೇ ಭಾಗ್ಯ: ಗೋಡೆ ಇರುತ್ತದೆ, ಚಿಂತೆ ಬೇಡ. ಪಾರಂಪರಿಕ ಪಟ್ಟಿಯ ಕಾನೂನು ಕಣ್ಣಿಗೆ ಕಾಣುವುದನ್ನು ಕಾಯುತ್ತದೆ. ಸದ್ದು, ಅಗ್ಗದ ಬೆಲೆ, ಯಾರೂ ಕೇಳದೆ ಬಿಡುವ ಸಲಿಗೆ, ಇವಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ. ಅಡಿಲೇಡಿನ ಜನರ ನಿಜವಾದ ಜಾಣ್ಮೆ ಇದ್ದದ್ದು ಇಲ್ಲಿ. ಅವರು ಕೇಳಿದ್ದು ಕಟ್ಟಡವನ್ನಲ್ಲ, ಕಟ್ಟಡದೊಳಗಿನ ಬಳಕೆಯನ್ನು. 2015ರಿಂದ ಯುನೆಸ್ಕೊದ ‘ಸಂಗೀತ ನಗರ’ ಎಂಬ ಬಿರುದು ಹೊತ್ತ ಊರು ಸಂಗೀತದ ಜಾಗವನ್ನೇ ಹೂತರೆ ನಗೆಪಾಟಲು ಎಂದು ಸರ್ಕಾರಕ್ಕೂ ಹೊಳೆಯಿತು.

ಬ್ರಿಸ್ಬೇನಿನವರಿಗೆ ಇಷ್ಟು ಸಮಯವೂ ಸಿಕ್ಕಿರಲಿಲ್ಲ. ಪ್ರೀಮಿಯರ್ ಜೋ ಬೆಯೆಲ್ಕೆ-ಪೀಟರ್ಸನ್ ಆಳ್ವಿಕೆಯಲ್ಲಿ 1979ರ ಏಪ್ರಿಲಿನ ಒಂದು ರಾತ್ರಿ, ಶಾಸನಸಭೆಯ ಎದುರಿಗಿದ್ದ ಬೆಲ್‌ವ್ಯೂ ಹೋಟೆಲನ್ನು ಡೀನ್ ಸಹೋದರರ ಕಂಪನಿ ಕತ್ತಲಲ್ಲೇ ಕೆಡವಿತು. ಪ್ರತಿಭಟಿಸಲು ಬಂದವರ ಕಣ್ಣೆದುರೇ. 1982ರ ನವೆಂಬರ್ 7ರ ಬೆಳಗಿನ ಜಾವ ಅದೇ ಕಂಪನಿ ಕ್ಲೌಡ್‌ಲ್ಯಾಂಡ್ ಎಂಬ ನೃತ್ಯಶಾಲೆಯನ್ನು ಮುಗಿಸಿತು. ಈ ಗಾಯದಿಂದಲೋ ಏನೋ, ಮುಂದೆ ಆ ಊರೇ ಒಂದು ಒಳ್ಳೆಯ ನಿಯಮ ಕಂಡುಹಿಡಿಯಿತು. 2006ರಿಂದ ಫಾರ್ಟಿಟ್ಯೂಡ್ ವ್ಯಾಲಿಯ ಒಂದು ಭಾಗವನ್ನು ವಿಶೇಷ ಮನರಂಜನಾ ವಲಯ ಎಂದು ಗುರುತಿಸಿದರು, ದೇಶದಲ್ಲಿ ಮೊದಲನೆಯದು. ಅಲ್ಲಿ ಹೊಸದಾಗಿ ಮನೆ ಕಟ್ಟುವವನು ತಾನೇ ಖರ್ಚು ಹಾಕಿ ಸದ್ದು ಒಳಬರದಂತೆ ಕಟ್ಟಿಕೊಳ್ಳಬೇಕು. ಆಮೇಲೆ ಬಂದವನ ದೂರಿಗಾಗಿ ಮೊದಲೇ ಇದ್ದವನು ಸದ್ದು ನಿಲ್ಲಿಸುವಂತಾಗಬಾರದು ಎಂಬುದು ಇದರ ಉದ್ದೇಶ. ಎಷ್ಟು ಸರಳ!

ಸರಳ, ಆದರೆ ಈ ನಿಯಮವನ್ನು ಬೆಂಗಳೂರಿಗೆ ತಂದು ಹಾಕಿದರೆ ತಿರುಗಿ ಹೊಡೆಯುತ್ತದೆ. ಇಂದಿರಾನಗರದಲ್ಲಿ ಮೊದಲು ಬಂದದ್ದು ಮನೆಗಳು, ನಿವೃತ್ತರು, ಮಾವಿನ ಮರಗಳು. ನೂರಡಿ ರಸ್ತೆಯ ಪಬ್ಬುಗಳು ಬಂದದ್ದು ಆಮೇಲೆ. ಸಾರ್ವಜನಿಕ ಮನರಂಜನಾ ಸ್ಥಳಗಳ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ನಂತರ ಪೊಲೀಸರು ಪ್ರತ್ಯೇಕ ಲೈಸೆನ್ಸ್ ಇಲ್ಲದ ಕಡೆ ಸಂಗೀತ ನಿಲ್ಲಿಸಿದಾಗ ನಮ್ಮ ಯುವಜನ ಸಂಸ್ಕೃತಿಯ ಕೊಲೆ ಎಂದು ಕೂಗಿದರು. ಮೊದಲು ಬಂದವರು ಯಾರು ಎಂಬ ಬ್ರಿಸ್ಬೇನಿನ ಪ್ರಶ್ನೆ ಕೇಳಿದರೆ ಅಲ್ಲಿ ನ್ಯಾಯ ಅಜ್ಜ-ಅಜ್ಜಿಯರ ಕಡೆಗಿದೆ. ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಿಂದ ಇರುವ ಪೆಕೋಸ್‌ಗೆ, ಅದರ ಮಂಕು ಬೆಳಕಿಗೆ, ಹಳೆಯ ರಾಕ್ ಸಂಗೀತಕ್ಕೆ ಇದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆ. ಒಂದು ನಿಯಮ ನ್ಯಾಯವಾಗಿದ್ದರೆ ಅದು ಕೆಲವೊಮ್ಮೆ ನಮಗೆ ಇಷ್ಟವಾಗದವರ ಪರವಾಗಿಯೂ ತೀರ್ಪು ಕೊಡಬೇಕು. ಪಬ್ ಪ್ರೇಮಿಗಳು ಇದನ್ನು ನುಂಗಿಕೊಳ್ಳಲೇಬೇಕು.

ವಲಯ ಗುರುತಿಸಿದರೂ ಸಾಲದು ಎಂಬುದೂ ಬ್ರಿಸ್ಬೇನಿನಲ್ಲೇ ಗೊತ್ತಾಯಿತು. ವ್ಯಾಲಿಯ ಆ್ಯನ್ ಸ್ಟ್ರೀಟಿನಲ್ಲಿ 1992ರಲ್ಲಿ ಶುರುವಾದ ‘ದ ಝೂ’ ಎಂಬ ಸಂಗೀತದ ಜಾಗ 2024ರ ಜುಲೈನಲ್ಲಿ ಮುಚ್ಚಿತು. ಸದ್ದಿನ ದೂರು ಅದನ್ನು ಕೊಲ್ಲಲಿಲ್ಲ. ಖರ್ಚು ಏರಿತು, ಬರುವ ಹುಡುಗರು ಟಿಕೆಟ್ ಕೊಂಡರೂ ಬಾರಿನಲ್ಲಿ ಹಿಂದಿನವರಷ್ಟು ಕುಡಿಯುತ್ತಿಲ್ಲ. ಅಲ್ಲಿನ ಹೊಸ ತಲೆಮಾರು ಕುಡಿತ ಕಡಿಮೆ ಮಾಡುತ್ತಿದೆ. ವೈದ್ಯರಿಗೂ ತಾಯಂದಿರಿಗೂ ಸಂತೋಷದ ಸುದ್ದಿ, ಬಿಯರಿನ ಲಾಭದಿಂದ ಹಾಡುಗಾರನಿಗೆ ಸಂಬಳ ಕೊಡುತ್ತಿದ್ದ ಮಾಲೀಕನಿಗೆ ಅಲ್ಲ. ಮೇಲೆ ಸುಂಕ. ಆಸ್ಟ್ರೇಲಿಯದಲ್ಲಿ ಬಿಯರಿನ ಮೇಲಿನ ಅಬಕಾರಿ ಸುಂಕ 1980ರ ದಶಕದಿಂದ ಬೆಲೆಯೇರಿಕೆಗೆ ತಕ್ಕಂತೆ ವರ್ಷಕ್ಕೆ ಎರಡು ಸಲ ತಾನಾಗಿ ಏರುತ್ತದೆ. ಪಬ್ಬಿನ ನಲ್ಲಿಯಿಂದ ಸುರಿಯುವ ಬಿಯರಿಗೆ ಮಾತ್ರ 2025ರ ಆಗಸ್ಟಿನಿಂದ ಎರಡು ವರ್ಷ ಈ ಏರಿಕೆ ತಡೆದಿದ್ದಾರೆ.

ಇದು ನನ್ನ ವಾದದ ದುರ್ಬಲ ಜಾಗ, ಬಚ್ಚಿಡುವುದಿಲ್ಲ. ಹಳೆಯ ಬಾರು ಕೊಡುವ ಒಡನಾಟವನ್ನು ಮೆಚ್ಚುತ್ತಲೇ ಅದರ ಖರ್ಚು ತೂಗಿಸುವುದು ಕೆಲವರ ಅತಿಯಾದ ಕುಡಿತ ಎಂದು ಒಪ್ಪಬೇಕಾಗುತ್ತದೆ. ಜಿ.ಪಿ. ರಾಜರತ್ನಂ ಅವರ ರತ್ನನನ್ನು ಪ್ರೀತಿಸುವ ನಾವು ಅವನ ಮನೆಯ ದಿನಸಿ ಲೆಕ್ಕ ಕೇಳುವುದಿಲ್ಲ. ಆದರೆ ಪರ್ಯಾಯವನ್ನೂ ನೋಡಬೇಕು. ಪಬ್ ಮುಚ್ಚಿದರೆ ಕುಡಿಯುವವನು ಬಿಡುವುದಿಲ್ಲ. ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ತಂದು ಮನೆಯಲ್ಲಿ ಒಬ್ಬನೇ ಕುಡಿಯುತ್ತಾನೆ, ಅಲ್ಲಿ ಸಾಕು ಎನ್ನುವ ಬಾರಿನವನಿಲ್ಲ. ಕುಡಿದು ಮತ್ತೇರಿದವನಿಗೆ ಇನ್ನೊಂದು ಗ್ಲಾಸ್ ಕೊಟ್ಟರೆ ಕೊಟ್ಟವನಿಗೇ ದಂಡ ಬೀಳುವ ದೇಶ ಅದು. ಬ್ರಿಸ್ಬೇನಿನ ಸ್ಟೋರಿ ಬ್ರಿಜ್ ಹೋಟೆಲಿನಲ್ಲಿ ಪ್ರತಿ ಜನವರಿ 26ರಂದು ಜಿರಲೆಗಳ ಓಟದ ಪಂದ್ಯ ನಡೆಸಿ ಹಣ ಕೂಡಿಸಿ ದಾನ ಕೊಡುತ್ತಾರೆ. ಇಂಥ ಹುಚ್ಚಾಟಗಳಿಗೆ ಒಟ್ಟಿಗೆ ನಗುವ ಜನ ಬೇಕು, ಮನೆಯ ಸೋಫಾದಲ್ಲಿ ಅದು ಹುಟ್ಟುವುದಿಲ್ಲ.

ನಮ್ಮವರ ಕಡೆಗೂ ಒಂದು ಮಾತು ಇದೆ. ಮೂರೂ ಊರುಗಳಲ್ಲಿ ಕನ್ನಡ ಸಂಘಗಳಿವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಶಾಲೆಯ ಸಭಾಂಗಣ ಬಾಡಿಗೆ ಹಿಡಿದು ಸೇರುತ್ತಾರೆ. ಸಂತೋಷ. ಆದರೆ ಅದು ಆಹ್ವಾನ ಇದ್ದವರ, ಕುಟುಂಬ ಇದ್ದವರ, ಮೊದಲೇ ಪರಿಚಯ ಇದ್ದವರ ಜಾಗ. ತಿಂಗಳ ನಡುವಿನ ಮಂಗಳವಾರ ರಾತ್ರಿ ಒಂಟಿತನ ಕಾಡುವ ಹುಡುಗನಿಗೆ ಅಲ್ಲಿ ಬಾಗಿಲು ತೆರೆದಿರುವುದಿಲ್ಲ. ಕ್ರ್ಯಾಂಕರ್ ಪಕ್ಕದ ಆ ಇಪ್ಪತ್ತೊಂಬತ್ತು ಅಂತಸ್ತಿನಲ್ಲಿ ಇರಲಿರುವ ನೂರಾರು ಮಕ್ಕಳಲ್ಲಿ ಎಷ್ಟೋ ಮಂದಿ ಕುಡಿಯುವವರೇ ಅಲ್ಲ. ಪಕ್ಕದ ಪಬ್ಬಿನಲ್ಲಿ ಲೆಮನ್ ಲೈಮ್ ಬಿಟರ್ಸ್ ಎಂಬ ತಂಪು ಪಾನೀಯ ಹಿಡಿದು ಮೂಲೆಯಲ್ಲಿ ಕೂತು ಬ್ಯಾಂಡ್ ಕೇಳಿದರೂ ಯಾರೂ ಏನೂ ಅನ್ನುವುದಿಲ್ಲ. ಕೋಣೆ ಕೊಟ್ಟ ಊರು ಕೋಣೆಯಿಂದ ಹೊರಗೆ ಬಂದರೆ ಕೂರಲು ಒಂದು ಜಾಗವನ್ನೂ ಇಟ್ಟುಕೊಂಡಿರುವುದು ಬಾಡಿಗೆಗೆ ಬರುವವರಿಗೂ ಲಾಭವೇ. ವಿದ್ಯಾರ್ಥಿ ವಸತಿಯೋ ಪಬ್ಬೋ ಎಂದು ಎದುರುಬದುರು ನಿಲ್ಲಿಸಿದ್ದೇ ತಪ್ಪು ಎಂದು ಅನ್ನಿಸುವುದು ಅದಕ್ಕೇ.

ಹಾಗೆಂದು ಅಡಿಲೇಡಿನ ಒಪ್ಪಂದವನ್ನು ಮಾದರಿ ಎಂದು ಚೌಕಟ್ಟು ಹಾಕಿಸಲು ನಾನು ತಯಾರಿಲ್ಲ. ಕಂಪನಿಗೆ ಹತ್ತು ಅಂತಸ್ತು ಹೆಚ್ಚು ಕೊಟ್ಟು ಪಬ್ ಬಿಡಿಸಿಕೊಂಡರು; ಬೆಲೆ ತೆತ್ತದ್ದು ಆ ಬೀದಿಯ ಆಕಾಶ. ನಗರ ಯೋಜನೆಯ ನಿಯಮ 19ಕ್ಕೆ ಸರಿ ಎಂದಿದ್ದರೆ 29 ಹೇಗೆ ಸರಿಯಾಯಿತು? 29 ಸರಿಯೇ ಆಗಿದ್ದರೆ ಮೊದಲೇ ಯಾಕೆ ಕೊಡಲಿಲ್ಲ? ಜನ ಗಲಾಟೆ ಮಾಡಿದ್ದಕ್ಕೆ, ಚುನಾವಣೆಯ ಲೆಕ್ಕ ಬಲ್ಲ ಪ್ರೀಮಿಯರ್ ನಡುವೆ ಬಂದು ಮಾಡಿದ ರಾಜಿ ಇದು. ರಾಜಿಗೆ ಫಲ ಸಿಕ್ಕಿತು ಎಂಬುದು ನಿಜ. ಆದರೆ ಕ್ರ್ಯಾಂಕರ್‌ಗೆ ಇದ್ದದ್ದು ಹಾಡುಗಾರರು, ಪತ್ರಕರ್ತರು, ಪೋಸ್ಟರ್ ಬರೆಯುವವರು, ಸಹಿ ಸಂಗ್ರಹ ಬಲ್ಲವರು. ಪೋರ್ಟ್ ಅಡಿಲೇಡಿನ ಹಿಂದಿನ ಬೀದಿಯಲ್ಲಿ ನಿವೃತ್ತ ಹಡಗು ಕೂಲಿಗಳು ಮಧ್ಯಾಹ್ನದ ಕುದುರೆ ರೇಸ್ ನೋಡುತ್ತ ಕೂರುವ ಪಬ್ ಮುಚ್ಚಿದರೆ ಅದಕ್ಕೆ ಹಾಡು ಕಟ್ಟುವವರಿಲ್ಲ, ಪ್ರೀಮಿಯರ್ ಬರುವುದಿಲ್ಲ. ಪರ್ತ್‌ನ ಹೈಡಿಗೂ ಬರಲಿಲ್ಲ. ಗಲಾಟೆ ಮಾಡಬಲ್ಲವರ ಬಾರು ಮಾತ್ರ ಉಳಿಯುವುದಾದರೆ ಉಳಿದದ್ದಕ್ಕೆ ಪಬ್ಬಿನ ಗುಣ ಕಾರಣ ಎನ್ನಲಾಗದು, ಗಿರಾಕಿಗಳ ಕೈ ಎಷ್ಟು ಉದ್ದ ಎಂಬುದೇ ಕಾರಣ.

ಹಾಗಾಗಿ ಕೇಳಬೇಕಾದದ್ದು ಬಳಕೆಯನ್ನು ಕಾಯುವ ಸಾಮಾನ್ಯ ನಿಯಮ. ಪಟ್ಟಿಗೆ ಸೇರಿಸುವಾಗ ಗೋಡೆಯ ಜೊತೆಗೆ ಒಳಗೆ ನಡೆಯುವ ವ್ಯವಹಾರವನ್ನೂ ಸೇರಿಸುವುದು, ಆಮೇಲೆ ಬಂದವರೇ ಸದ್ದಿನ ಖರ್ಚು ಹೊರುವ ಬ್ರಿಸ್ಬೇನ್ ನಿಯಮವನ್ನು ಒಂದು ವಲಯಕ್ಕೆ ಸೀಮಿತ ಮಾಡದೆ ಹರಡುವುದು, ಜೂಜಿನ ಯಂತ್ರಗಳನ್ನು ಹೊರಗಿಟ್ಟ ಪಶ್ಚಿಮದವರ ಹಟವನ್ನು ಉಳಿದೆರಡು ರಾಜ್ಯ ಕಲಿಯುವುದು. ಮೂರೂ ಊರುಗಳಲ್ಲಿ ಒಂದೊಂದು ಭಾಗ ಆಗಲೇ ಇದೆ, ಒಂದೇ ಕಡೆ ಮೂರೂ ಇಲ್ಲ. ಜೂಜಿನ ಯಂತ್ರದ ವಿಷಯ ಅತಿ ಕಷ್ಟದ್ದು. ಅದರ ತೆರಿಗೆಗೆ ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಗಳ ಖಜಾನೆ ಮೂರು ದಶಕಗಳಿಂದ ಒಗ್ಗಿಹೋಗಿದೆ, ನಮ್ಮ ಸರ್ಕಾರಗಳು ಅಬಕಾರಿಗೆ ಒಗ್ಗಿರುವಂತೆಯೇ.